ಹಳಿಯಳತೆ ಹೇಳುವ ಸಾಕ್ಷಿ: ಚಿಕ್ಕಬಳ್ಳಾಪುರದ ಪುಟ್ಟ ರೈಲು ಮತ್ತು ಎಂಜಿನ್ ಮಾದರಿಗಳ ಅಸಲಿತನ

ಹಳೆಯ ರೈಲು ಎಂಜಿನ್ನಿನ ಮಾದರಿಯೊಂದು ಅಸಲಿಯೋ ನಕಲಿಯೋ ಎಂದು ಕೇಳುವಾಗ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಆ ವಸ್ತು ಹೇಳಲಾದ ಕಾಲದಲ್ಲಿ, ಹೇಳಲಾದ ಕಾರ್ಖಾನೆಯಲ್ಲಿ ತಯಾರಾದದ್ದೇ ಎಂಬುದು ಮೊದಲನೆಯದು; ಅದು ಯಾವ ನಿಜವಾದ ಎಂಜಿನ್ನಿನ ಹೆಸರು ಹೊತ್ತಿದೆಯೋ ಆ ಎಂಜಿನ್ನಿನ ಅಳತೆ, ಚಕ್ರಗಳ ಜೋಡಣೆ, ಬಣ್ಣ ಮತ್ತು ಗುರುತುಗಳಿಗೆ ನಿಷ್ಠವಾಗಿದೆಯೇ ಎಂಬುದು ಎರಡನೆಯದು. ಯುರೋಪಿನ ಸಂಗ್ರಾಹಕರು ಹೆಚ್ಚಾಗಿ ಮೊದಲನೆಯ ಪ್ರಶ್ನೆಯಲ್ಲೇ ಮುಳುಗಿರುತ್ತಾರೆ, ಏಕೆಂದರೆ ಅಲ್ಲಿ ಮೂಲ ಎಂಜಿನ್ನುಗಳೂ ಅವುಗಳ ನಕ್ಷೆಗಳೂ ಹಲವು ಉಳಿದಿವೆ. ಮೂಲ ರೈಲೇ ಅಳಿದುಹೋದ ಚಿಕ್ಕಬಳ್ಳಾಪುರದಂಥ ಸೀಮೆಯಲ್ಲಿ ಎರಡನೆಯ ಪ್ರಶ್ನೆಯೇ ಹೆಚ್ಚು ಕಠಿಣವಾದದ್ದು, ಇತಿಹಾಸಕ್ಕೆ ಹೆಚ್ಚು ಬೇಕಾದದ್ದೂ ಅದೇ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ನಕ್ಷೆಯಲ್ಲಿ ಪೆರೇಸಂದ್ರದ ಸ್ಥಾನ ಈ ವಿಚಾರಕ್ಕೆ ಒಳ್ಳೆಯ ಆರಂಭಬಿಂದು. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರಕ್ಕೂ ಬಾಗೇಪಲ್ಲಿಗೂ ನಡುವೆ, ಗುಡಿಬಂಡೆಯ ದಾರಿ ಒಡೆಯುವಲ್ಲಿ ಇರುವ ಈ ಊರಿಗೆ ರೈಲು ಬರಲಿಲ್ಲ. ಆದರೆ ಅದರ ಪಶ್ಚಿಮಕ್ಕೆ ಗೌರಿಬಿದನೂರಿನ ಮೂಲಕ ಒಂದು ಹಳಿ, ದಕ್ಷಿಣಕ್ಕೆ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಗಳತ್ತ ಪೂರ್ವಕ್ಕೆ ತಿರುಗುವ ಇನ್ನೊಂದು ಹಳಿ ಹಾದುಹೋದವು. ಇವೆರಡೂ ಒಂದೇ ಅಳತೆಯವಾಗಿರಲಿಲ್ಲ. ಎರಡು ಹಳಿಗಳ ಒಳಅಂಚುಗಳ ನಡುವಿನ ದೂರವನ್ನು ರೈಲ್ವೆಯವರು ಗೇಜ್ ಎನ್ನುತ್ತಾರೆ, ಕನ್ನಡದಲ್ಲಿ ಅದನ್ನು ಹಳಿಯಳತೆ ಎನ್ನಬಹುದು. ಗೌರಿಬಿದನೂರಿನ ಮೂಲಕ ಹಿಂದೂಪುರದ ಕಡೆಗೆ 1890ರ ದಶಕದ ಆರಂಭದಲ್ಲಿ ತೆರೆದ ಹಾದಿ ಮೀಟರ್‌ಗೇಜ್, ಅಂದರೆ 1000 ಮಿಲಿಮೀಟರ್ ಅಳತೆಯದು. ಚಿಕ್ಕಬಳ್ಳಾಪುರದ್ದು ಎರಡೂವರೆ ಅಡಿಯ, ಅಂದರೆ 762 ಮಿಲಿಮೀಟರಿನ ನ್ಯಾರೋಗೇಜ್. ಬೆಂಗಳೂರಿನ ದಂಡುಪ್ರದೇಶಕ್ಕೆ 1864ರಲ್ಲಿಯೇ ಮದರಾಸಿನ ಕಡೆಯಿಂದ ಬಂದಿದ್ದ, ಈಗಿನ ಬಂಗಾರಪೇಟೆಯನ್ನು ಹಾದುಹೋಗುವ ಹಾದಿ 1676 ಮಿಲಿಮೀಟರಿನ ಬ್ರಾಡ್‌ಗೇಜ್. ಒಂದೇ ಹಳೆಯ ಕೋಲಾರ ಜಿಲ್ಲೆಯೊಳಗೆ ಹೀಗೆ ಮೂರು ಅಳತೆಗಳು ಇದ್ದದ್ದರಿಂದ, ಈ ಸೀಮೆಯ ಎಂಜಿನ್ ಎಂದು ತೋರಿಸಲಾಗುವ ಯಾವುದೇ ಮಾದರಿಯ ಪರೀಕ್ಷೆ ಅಳತೆಪಟ್ಟಿಯಿಂದಲೇ ಶುರುವಾಗಬೇಕು.

ನ್ಯಾರೋಗೇಜ್ ಹಾದಿಯ ಹುಟ್ಟು ಮೈಸೂರು ಸಂಸ್ಥಾನ ತನ್ನದೇ ದುಡ್ಡಿನಲ್ಲಿ, ತನ್ನದೇ ಎಂಜಿನಿಯರುಗಳಿಂದ ರೈಲು ಕಟ್ಟಿಸಲು ಹೊರಟ ಕಾಲಕ್ಕೆ ಸೇರಿದ್ದು. ಅದಕ್ಕೆ ಮುಂಚೆ ಸಂಸ್ಥಾನದ ಮುಖ್ಯ ಹಾದಿಗಳನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿ ಗುತ್ತಿಗೆಯ ಮೇಲೆ ನಡೆಸುತ್ತಿತ್ತು. 1908ರಲ್ಲಿ ಆ ಕಂಪನಿ ಮದರಾಸ್ ರೈಲ್ವೆಯೊಡನೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಅವಧಿಯಲ್ಲಿ ಸಂಸ್ಥಾನದ ಸ್ವಂತ ರೈಲುಹಾದಿಗಳು ವೇಗವಾಗಿ ಬೆಳೆದವು. ಲೂಯಿನ್ ಬೌರಿಂಗ್ ಎಂಬ ಮೈಸೂರಿನ ಕಮಿಷನರನ ಹೆಸರಿನಿಂದ ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಪುಟ್ಟ ರೈಲು ಓಡಿತು. ಬೆಂಗಳೂರಿನ ಕಡೆಯಿಂದ ಯಲಹಂಕ, ದೇವನಹಳ್ಳಿಗಳ ಮೇಲೆ ಚಿಕ್ಕಬಳ್ಳಾಪುರದ ಲೈಟ್ ರೈಲ್ವೆ 1915ರಲ್ಲಿ ಮೊದಲಾಯಿತು. ಕೆಲವೇ ವರ್ಷಗಳಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳ ಮೂಲಕ ಎರಡು ತುದಿಗಳೂ ಕೂಡಿಕೊಂಡವು. ಲೈಟ್ ರೈಲ್ವೆ ಎಂದರೆ ಹಗುರವಾದ ಹಳಿ, ಕಡಿದಾದ ತಿರುವು, ಕಡಿಮೆ ತೂಕದ ಎಂಜಿನ್, ಕಡಿಮೆ ವೇಗ, ಮತ್ತು ಇವೆಲ್ಲದರಿಂದ ಕಡಿಮೆ ಖರ್ಚು. ಅಳತೆ ಬೇರೆಯಾದದ್ದರಿಂದ ಬಂಗಾರಪೇಟೆಯಲ್ಲಿ ಬ್ರಾಡ್‌ಗೇಜಿಗೂ ಯಲಹಂಕದಲ್ಲಿ ಮೀಟರ್‌ಗೇಜಿಗೂ ಬಂಡಿಗಳು ನೇರವಾಗಿ ದಾಟುವಂತಿರಲಿಲ್ಲ, ಸರಕನ್ನು ಇಳಿಸಿ ಏರಿಸಬೇಕಾಗಿತ್ತು. ಕಟ್ಟುವಾಗ ಉಳಿದ ಹಣ ಆಮೇಲಿನ ದಶಕಗಳಲ್ಲಿ ಹೀಗೆ ಕೂಲಿಯಾಗಿ ಕರಗಿತು. 1990ರ ದಶಕದಲ್ಲಿ ಎರಡೂ ತುದಿಗಳು ಬ್ರಾಡ್‌ಗೇಜಿಗೆ ಬದಲಾದವು. ನಡುವಿನ ಚಿಕ್ಕಬಳ್ಳಾಪುರ–ಕೋಲಾರ ಭಾಗ 2013ರಲ್ಲಿ ಹೊಸ ಅಳತೆಯಲ್ಲಿ ಮತ್ತೆ ತೆರೆಯಿತು. ಗೌರಿಬಿದನೂರಿನ ಮೀಟರ್‌ಗೇಜ್ 1980ರ ದಶಕದಲ್ಲಿಯೇ ಹೋಗಿತ್ತು. ಹೀಗಾಗಿ ಈ ಹಾದಿಗಳಲ್ಲಿ ಇಂದು ನೆಲದ ಮೇಲೆ ಅಳೆದು ನೋಡಲು ಹಳೆಯ ಹಳಿ ಉಳಿದಿಲ್ಲ. ಉಳಿದಿರುವುದು ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಂಥ ನಿಲ್ದಾಣಗಳ ಹಳೆಯ ಕಟ್ಟಡಗಳು, ಮತ್ತು ಕಾಗದ.

ಮಾದರಿಗಳ ಲೋಕದಲ್ಲಿ ಹಳಿಯಳತೆಯ ಜತೆಗೆ ಇನ್ನೊಂದು ಸಂಖ್ಯೆ ಮುಖ್ಯವಾಗುತ್ತದೆ. ಮೂಲವನ್ನು ಎಷ್ಟು ಪಾಲು ಕುಗ್ಗಿಸಲಾಗಿದೆ ಎಂಬುದನ್ನು ಸ್ಕೇಲ್ ಅಥವಾ ಪ್ರಮಾಣ ಎನ್ನುತ್ತಾರೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಮಾದರಿಗಳು ಮೂಲದ 87ರಲ್ಲೊಂದು ಪಾಲು, ಅವುಗಳ ಹಳಿಯಳತೆ 16.5 ಮಿಲಿಮೀಟರ್. ಇದನ್ನು 87ರಿಂದ ಗುಣಿಸಿದರೆ ಸುಮಾರು 1435 ಮಿಲಿಮೀಟರ್ ಬರುತ್ತದೆ, ಅದು ಯುರೋಪು ಅಮೆರಿಕಗಳ ಸಾಮಾನ್ಯ ಹಳಿಯಳತೆಯೇ ಹೊರತು ಭಾರತದ ಯಾವ ಮುಖ್ಯ ಅಳತೆಯೂ ಅಲ್ಲ. ಭಾರತದ ಬ್ರಾಡ್‌ಗೇಜನ್ನು ಅದೇ ಪ್ರಮಾಣದಲ್ಲಿ ನಿಷ್ಠವಾಗಿ ತೋರಿಸಬೇಕಾದರೆ ಹಳಿಗಳ ನಡುವೆ 19 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ದೂರ ಬೇಕು. ಚಿಕ್ಕಬಳ್ಳಾಪುರದ 762 ಮಿಲಿಮೀಟರ್ ಈ ಲೆಕ್ಕದಲ್ಲಿ 8.8 ಮಿಲಿಮೀಟರಿನಷ್ಟಾಗಿ, ಮಾರುಕಟ್ಟೆಯಲ್ಲಿ ಸಿಗುವ 9 ಮಿಲಿಮೀಟರಿನ ಹಳಿಗೆ ಬಹಳ ಸಮೀಪ ಬರುತ್ತದೆ. ತೋಟಗಳಲ್ಲಿ ಓಡಿಸುವ ದೊಡ್ಡ ಮಾದರಿಗಳದು ಸಾಮಾನ್ಯವಾಗಿ 45 ಮಿಲಿಮೀಟರ್ ಹಳಿ, 22.5ರಲ್ಲೊಂದು ಪ್ರಮಾಣ, ಗುಣಿಸಿದರೆ ಮೀಟರ್‌ಗೇಜ್ ಬರುತ್ತದೆ. ಆದ್ದರಿಂದ ಆ ಪ್ರಮಾಣದ ಮಾದರಿಯೊಂದನ್ನು ಚಿಕ್ಕಬಳ್ಳಾಪುರದ ಪುಟ್ಟ ರೈಲಿನದೆಂದು ಯಾರಾದರೂ ತೋರಿಸಿದರೆ, ಅದು ಎಷ್ಟೇ ಚೆಂದವಿದ್ದರೂ ಗೌರಿಬಿದನೂರಿನ ಹಾದಿಗೆ ಸೇರಬೇಕಾದದ್ದು. ಇಷ್ಟು ಲೆಕ್ಕ ಹಾಕಲು ಒಂದು ಸ್ಕೇಲುಪಟ್ಟಿ ಸಾಕು. ಅದನ್ನೂ ಹಾಕದೆ ಬಣ್ಣ ನೋಡಿ ಮರುಳಾಗುವವರೇ ಹೆಚ್ಚು.

ಅಳತೆ ಹೊಂದಿದ ಮೇಲೆ ಅಕ್ಷರಗಳ ಸರದಿ. ಎಂಜಿನ್ನಿನ ಅಥವಾ ಅದರ ಹಿಂದಿನ ಟೆಂಡರಿನ, ಎಂದರೆ ಕಲ್ಲಿದ್ದಲು ನೀರು ತುಂಬುವ ಬಂಡಿಯ, ಪಕ್ಕದಲ್ಲಿ ಬರೆದ ಸಂಕ್ಷೇಪಾಕ್ಷರಗಳು ಕಾಲವನ್ನು ಗಟ್ಟಿಯಾಗಿ ಹಿಡಿದುಕೊಡುತ್ತವೆ. ಎಂಎಸ್‌ಆರ್ ಎಂದರೆ ಮೈಸೂರು ಸ್ಟೇಟ್ ರೈಲ್ವೆ, ಎಂಎಸ್‌ಎಂ ಎಂದರೆ ಮದ್ರಾಸ್ ಅಂಡ್ ಸದರ್ನ್ ಮರಾಠಾ. ಒಂದಕ್ಷರದ ವ್ಯತ್ಯಾಸವಾದರೂ ಮಾಲೀಕತ್ವವೇ ಬೇರೆ. ಸಂಸ್ಥಾನದ ರೈಲ್ವೆ 1950ರಲ್ಲಿ ಕೇಂದ್ರಕ್ಕೆ ಸೇರಿ, 1951ರ ಏಪ್ರಿಲ್ 14ರಂದು ಮದ್ರಾಸ್ ಅಂಡ್ ಸದರ್ನ್ ಮರಾಠಾ ಮತ್ತು ಸೌತ್ ಇಂಡಿಯನ್ ರೈಲ್ವೆಗಳೊಡನೆ ಕೂಡಿ ದಕ್ಷಿಣ ರೈಲ್ವೆಯಾಯಿತು. ಎಸ್‌ಆರ್, ಅಂದರೆ ಸದರ್ನ್ ರೈಲ್ವೆ, ಎಂಬ ಗುರುತು ಹೊತ್ತ ಚಿಕ್ಕಬಳ್ಳಾಪುರದ ಎಂಜಿನ್ನಿನ ರೂಪ ಅದಕ್ಕೆ ಹಿಂದಿನದಾಗಿರಲು ಸಾಧ್ಯವಿಲ್ಲ. ವರ್ಗಸೂಚಕ ಅಕ್ಷರಗಳೂ ಹೀಗೆಯೇ. ಇಂಡಿಯಾದ ರೈಲ್ವೆಗಳಿಗೆಲ್ಲ ಸಾಮಾನ್ಯವಾಗುವಂತೆ 1920ರ ದಶಕದಲ್ಲಿ ಹೊಸ ಎಂಜಿನ್ ಮಾದರಿಗಳನ್ನು ಗೊತ್ತುಮಾಡಿದಾಗ ಮೀಟರ್‌ಗೇಜಿನ ವರ್ಗಗಳು ವೈ ಅಕ್ಷರದಿಂದ, ಎರಡೂವರೆ ಅಡಿಯ ನ್ಯಾರೋಗೇಜಿನ ವರ್ಗಗಳು ಝಡ್ ಅಕ್ಷರದಿಂದ ಆರಂಭವಾದವು: ಝಡ್‌ಬಿ, ಝಡ್‌ಇ ಎಂಬಂತೆ. ಹೀಗಿರುವಾಗ 1915ರ ಪ್ರಾರಂಭೋತ್ಸವದ ಎಂಜಿನ್ ಎಂಬ ಚೀಟಿಯ ಮೇಲೆ ಝಡ್ ವರ್ಗದ ಹೆಸರು ಕಂಡರೆ, ಆ ಚೀಟಿ ಬರೆದವರಿಗೆ ಕಾಲಗಣನೆ ತಿಳಿಯದೆಂದೇ ಅರ್ಥ. ಚಕ್ರಗಳ ಜೋಡಣೆಯನ್ನು ಮುಂದಿನ ಸಣ್ಣ ಚಕ್ರ, ನಡುವಿನ ಓಡಿಸುವ ಚಕ್ರ, ಹಿಂದಿನ ಸಣ್ಣ ಚಕ್ರ ಎಂದು ಮೂರು ಅಂಕೆಗಳಲ್ಲಿ ಹೇಳುವ ವೈಟ್ ಪದ್ಧತಿಯೂ ಪರೀಕ್ಷೆಗೆ ಒದಗುತ್ತದೆ. ಝಡ್‌ಬಿ 2-6-2, ಝಡ್‌ಇ 2-8-2; ಹೆಸರು ಒಂದಾಗಿ ಚಕ್ರ ಇನ್ನೊಂದಾದರೆ ಮಾದರಿ ತಯಾರಿಸಿದವನು ತನ್ನ ಬಳಿ ಇದ್ದ ಯಾವುದೋ ಅಡಿಪಾಯದ ಮೇಲೆ ಬೇರೆ ಮೈ ಕೂರಿಸಿದ್ದಾನೆಂದು ತಿಳಿಯಬೇಕು.

ನಿಜವಾದ ಎಂಜಿನ್ನಿನ ಗುರುತನ್ನು ಹಿಡಿಯುವ ಕ್ರಮ ಇದಕ್ಕಿಂತ ಸೂಕ್ಷ್ಮವಾದದ್ದು. ಪ್ರತಿ ಕಾರ್ಖಾನೆಯೂ ತಾನು ಕಟ್ಟಿದ ಎಂಜಿನ್ನಿಗೆ ಒಂದು ಕ್ರಮಸಂಖ್ಯೆ ಕೊಟ್ಟು, ಅದನ್ನು ಇಸವಿಯೊಡನೆ ಹಿತ್ತಾಳೆಯ ಅಥವಾ ಎರಕದ ಫಲಕದಲ್ಲಿ ಮೂಡಿಸಿ ಎಂಜಿನ್ನಿಗೆ ಬಿಗಿಯುತ್ತಿತ್ತು. ರೈಲ್ವೆ ಕೊಟ್ಟ ನಂಬರು ಆಡಳಿತ ಬದಲಾದಂತೆ ಬದಲಾಗುತ್ತದೆ, ಕಾರ್ಖಾನೆಯ ಸಂಖ್ಯೆ ಬದಲಾಗದು; ಅದಕ್ಕೇ ತಜ್ಞರು ಅದನ್ನೇ ಆಧಾರವಾಗಿಟ್ಟುಕೊಳ್ಳುತ್ತಾರೆ. ಫಲಕದ ಆಕಾರವೂ ಕೆಲವೊಮ್ಮೆ ಮಾತಾಡುತ್ತದೆ: 1903ರಲ್ಲಿ ಮೂರು ಕಂಪನಿಗಳು ಕೂಡಿ ಆದ ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿಯಲ್ಲಿ ಹೈಡ್ ಪಾರ್ಕ್ ಕಾರ್ಖಾನೆಯ ಫಲಕ ದುಂಡಗೆ, ಕ್ವೀನ್ಸ್ ಪಾರ್ಕ್ ಕಾರ್ಖಾನೆಯದು ವಜ್ರಾಕೃತಿಯಲ್ಲಿ ಇರುತ್ತಿತ್ತು. ಎಂಜಿನ್ನುಗಳು ಗುಜರಿ ಸೇರಿದ ಮೇಲೆ ಈ ಫಲಕಗಳಿಗೇ ಪ್ರತ್ಯೇಕ ಮಾರುಕಟ್ಟೆ ಬೆಳೆದು, ಅದರ ಬೆನ್ನಿಗೆ ನಕಲಿ ಫಲಕಗಳೂ ಬಂದವು. ಇವನ್ನು ಹಿಡಿಯುವ ಉಪಾಯ ಎರಕದ ಕಸುಬಿನಲ್ಲೇ ಇದೆ. ಕರಗಿದ ಹಿತ್ತಾಳೆ ತಣಿದು ಗಟ್ಟಿಯಾಗುವಾಗ ಸುಮಾರು ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ. ಅದಕ್ಕಾಗಿಯೇ ಅಚ್ಚಿನ ಪಡಿಯನ್ನು ಕುಶಲ ಕಮ್ಮಟಗಾರ ಆ ಮಟ್ಟಿಗೆ ಹಿಗ್ಗಿಸಿ ಕೆತ್ತುತ್ತಾನೆ. ಅಸಲಿ ಫಲಕವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದ ನಕಲುಗಾರನಿಗೆ ಈ ಹಿಗ್ಗಿಸುವ ಅವಕಾಶವಿಲ್ಲವಾದ್ದರಿಂದ, ಅವನ ಫಲಕ 300 ಮಿಲಿಮೀಟರ್ ಉದ್ದಕ್ಕೆ ನಾಲ್ಕೈದು ಮಿಲಿಮೀಟರ್ ಗಿಡ್ಡವಾಗುತ್ತದೆ, ಅಕ್ಷರಗಳ ಅಂಚೂ ಮೊಂಡಾಗುತ್ತದೆ.

ಕಾರ್ಖಾನೆಯ ಅಧಿಕೃತ ಛಾಯಾಚಿತ್ರಗಳನ್ನು ನಂಬಿ ಮಾಡಿದ ಮಾದರಿಗಳಲ್ಲಿ ಇನ್ನೊಂದು ಬಗೆಯ ತಪ್ಪು ನುಸುಳುತ್ತದೆ. ಆಗಿನ ಛಾಯಾಗ್ರಹಣದಲ್ಲಿ ಹೊಳೆಯುವ ಕಪ್ಪು ಅಥವಾ ಗಾಢ ಬಣ್ಣದ ಮೈಮೇಲಿನ ವಿವರಗಳು ಮೂಡುತ್ತಿರಲಿಲ್ಲವಾದ್ದರಿಂದ, ಬ್ರಿಟನ್ನಿನ ಕಾರ್ಖಾನೆಗಳು ಹೊಸ ಎಂಜಿನ್ನಿಗೆ ಚಿತ್ರ ತೆಗೆಯುವ ಸಲುವಾಗಿಯೇ ಮಂಕಾದ ಬೂದು ಬಣ್ಣ ಬಳಿದು, ಆಮೇಲೆ ನಿಜವಾದ ಬಣ್ಣ ಹಾಕುತ್ತಿದ್ದವು. ಆ ಚಿತ್ರ ನೋಡಿ ಬೂದು ಬಣ್ಣದ ಎಂಜಿನ್ ಮಾಡಿದವನು ದಾಖಲೆಗೆ ನಿಷ್ಠನಾಗಿಯೂ ಸತ್ಯಕ್ಕೆ ದೂರವಾಗುತ್ತಾನೆ. ಅಲ್ಲದೆ ಕಾರ್ಖಾನೆಯ ಚಿತ್ರ ಎಂಜಿನ್ ಹೊರಟ ದಿನದ ರೂಪವನ್ನಷ್ಟೇ ತೋರಿಸುತ್ತದೆ. ಮುಂದೆ ಐವತ್ತು ವರ್ಷ ಕಾಲ ದೀಪ, ಹೊಗೆಕೊಳವೆ, ಚಾಲಕನ ಗೂಡು, ಬಾಯ್ಲರ್ ಎಲ್ಲವೂ ಬದಲಾಗುತ್ತಲೇ ಹೋಗುತ್ತವೆ. ದೊಡ್ಡ ದುರಸ್ತಿಗೆ ಬಂದ ಒಂದೇ ವರ್ಗದ ಎಂಜಿನ್ನುಗಳ ಬಾಯ್ಲರುಗಳನ್ನೂ ಚಕ್ರ ತಿರುಗಿಸುವ ಸರಳುಗಳನ್ನೂ ವರ್ಕ್‌ಷಾಪಿನಲ್ಲಿ ಅದಲುಬದಲು ಮಾಡುವುದು ಎಲ್ಲ ಕಡೆಯ ರೂಢಿ. ಎಂಜಿನ್ನಿನ ಭಾಗಗಳ ಮೇಲೆ ಹೊಡೆದ ಸಂಖ್ಯೆಗಳು ಫಲಕದ ಸಂಖ್ಯೆಯೊಡನೆ ಹೊಂದದಿದ್ದರೆ ಅದು ಮೋಸದ ಗುರುತಾಗಬೇಕಿಲ್ಲ, ದುಡಿಮೆಯ ಗುರುತೂ ಆಗಿರಬಹುದು. ಅದಕ್ಕೇ ಬ್ರಿಟಿಷ್ ಸಂಪ್ರದಾಯದಲ್ಲಿ ಎಂಜಿನ್ನಿನ ಅಡಿಚೌಕಟ್ಟನ್ನೇ ಅದರ ನಿಜ ದೇಹವೆಂದು ಎಣಿಸುವ ವಾಡಿಕೆ ಇದೆ. 1855ರಲ್ಲಿ ಲೀಡ್ಸ್‌ನಲ್ಲಿ ಕಟ್ಟಿದ, ದಿಲ್ಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯಕ್ಕೆ ಸೇರಿದ ಫೇರಿ ಕ್ವೀನ್ 1997ರಲ್ಲಿ ಮತ್ತೆ ಓಡುವಂತಾಗಿ, 2011ರಲ್ಲಿ ಅದರ ಅನೇಕ ಭಾಗಗಳು ಕಳವಾದ ಮೇಲೆ ಪೆರಂಬೂರಿನಲ್ಲಿ ಹೊಸ ಭಾಗಗಳೊಡನೆ ಇನ್ನೊಮ್ಮೆ ಜೋಡಣೆಗೊಂಡಿತು. ಅದನ್ನು ನಕಲಿ ಎನ್ನುವವರಿಲ್ಲ. ಮೂಲದ ವಿಷಯದಲ್ಲಿ ಇಷ್ಟು ಉದಾರವಾಗಿರುವವರು ಆಟಿಕೆಯ ಒಂದು ತಿರುಪು ಬದಲಾದರೆ ಬೆಲೆಯನ್ನು ಅರ್ಧಕ್ಕಿಳಿಸುವುದು ಸಂಗ್ರಾಹಕರ ವಿಚಿತ್ರ ನ್ಯಾಯ.

ಆಟಿಕೆ ಎಂಜಿನ್ನುಗಳ ಕಸುಬಿಗೆ ಜರ್ಮನಿ ತವರು. ಗ್ಯೋಪಿಂಗೆನ್ನಿನ ಮೆರ್ಕ್ಲಿನ್ ಕಂಪನಿ 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ನಂಬರು ಹಚ್ಚಿದ ನಿಶ್ಚಿತ ಹಳಿಯಳತೆಗಳನ್ನು ಮುಂದಿಟ್ಟ ಮೇಲೆ, ಒಬ್ಬನ ಹಳಿಯ ಮೇಲೆ ಇನ್ನೊಬ್ಬನ ಬಂಡಿ ಓಡುವ ಕಾಲ ಬಂತು. ನ್ಯೂರೆಂಬರ್ಗಿನ ಬಿಂಗ್ ಸಹೋದರರು ತಗಡಿನ ಎಂಜಿನ್ನುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದರು. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ಕೆಲಸವನ್ನು ನೋಡಿ, ಬ್ರಿಟಿಷ್ ಎಂಜಿನ್ನುಗಳ ರೂಪದಲ್ಲಿ ಅವರಿಂದಲೇ ಮಾಡಿಸಿ ಮಾರಿದನು. ಮೊದಲ ಮಹಾಯುದ್ಧದ ನಂತರ ಜರ್ಮನ್ ಸರಕಿನ ಮೇಲೆ ಬ್ರಿಟನ್ನಿನಲ್ಲಿದ್ದ ಸಿಟ್ಟಿನ ಗಾಳಿಯಲ್ಲಿ ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ತನ್ನ ರೈಲುಗಳನ್ನು ತಂದನು. ಮೊದಲಿನವು ಅವನದೇ ಮೆಕ್ಯಾನೋ ಆಟಿಕೆಯ ಹಾಗೆ ನಟ್ಟು ಬೋಲ್ಟುಗಳಿಂದ ಬಿಚ್ಚಿ ಜೋಡಿಸಬಹುದಾದವು. 1938ರಲ್ಲಿ ಅದೇ ಸಂಸ್ಥೆಯ ಸಣ್ಣ ಅಳತೆಯ ಹಾರ್ನ್‌ಬಿ ಡಬ್ಲೋ ಮೂರು ಹಳಿಗಳ ವಿದ್ಯುತ್ ಪದ್ಧತಿಯೊಡನೆ ಬಂದು, ಎರಡು ಹಳಿಗಳ ಪದ್ಧತಿಗೆ 1959ರಲ್ಲಷ್ಟೇ ಹೊರಳಿತು. ಎರಡು ಹಳಿಯ ವಿದ್ಯುತ್ ಪದ್ಧತಿಯಲ್ಲಿ ಓಡುವ ಡಬ್ಲೋ ಎಂಜಿನ್ನನ್ನು ಯುದ್ಧಪೂರ್ವದ್ದೆಂದು ಮಾರುವವನ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ.

ಗುರುತುಗಳು ಇಲ್ಲಿಯೂ ಕಾಲವನ್ನು ಹೇಳುತ್ತವೆ. ಬಿಂಗ್ ಆಟಿಕೆಗಳ ಮೇಲೆ ಮೊದಲ ಮಹಾಯುದ್ಧದವರೆಗೆ ಜಿಬಿಎನ್ ಎಂಬ ಮುದ್ರೆ, ಆಮೇಲೆ ಬಿಡಬ್ಲ್ಯೂ ಎಂಬ ಮುದ್ರೆ ಕಾಣುತ್ತದೆ. ಕಂಪನಿ 1930ರ ದಶಕದ ಆರಂಭದಲ್ಲಿ ಮುಳುಗಿತು. 1887ರ ಬ್ರಿಟಿಷ್ ವ್ಯಾಪಾರಮುದ್ರೆ ಕಾಯಿದೆಯಿಂದಾಗಿ ಹೊರದೇಶದ ಸರಕಿನ ಮೇಲೆ ತಯಾರಾದ ದೇಶದ ಹೆಸರು ಬರತೊಡಗಿತು. ಜರ್ಮನಿಯ ಅಮೆರಿಕನ್ ವಲಯದಲ್ಲಿ ತಯಾರಾದದ್ದು ಎಂಬ ಬರಹ ಎರಡನೆಯ ಮಹಾಯುದ್ಧದ ಬೆನ್ನಿಗಿನ ಕೆಲವೇ ವರ್ಷಗಳಿಗೆ ಸೇರಿದ್ದು. ತಗಡಿನ ಆಟಿಕೆಯಲ್ಲಿ ಒಂದು ಹಾಳೆಯ ನಾಲಗೆಯನ್ನು ಇನ್ನೊಂದರ ಸೀಳಿನಲ್ಲಿ ತೂರಿಸಿ ಮಡಿಸಿರುತ್ತಾರೆ. ಒಮ್ಮೆ ಮಡಿದ ನಾಲಗೆಯನ್ನು ಬಿಚ್ಚಿ ಮತ್ತೆ ಮಡಿಸಿದರೆ ಬಣ್ಣ ಬಿರಿದು ಗೆರೆ ಬೀಳುತ್ತದಾದ್ದರಿಂದ, ಒಳಗೆ ಕೈಯಾಡಿಸಿದವರ ಗುಟ್ಟು ಅಲ್ಲಿ ಬಯಲಾಗುತ್ತದೆ. ಭೂತಗನ್ನಡಿಯಲ್ಲಿ ಸಮನಾದ ಬಣ್ಣದ ಬದಲು ನಾಲ್ಕು ಬಣ್ಣಗಳ ಸಣ್ಣ ಚುಕ್ಕಿಗಳ ಸಾಲು ಕಂಡರೆ ಅದು ಛಾಯಾಚಿತ್ರದಿಂದ ತೆಗೆದ ಈಚಿನ ಮರುಮುದ್ರಣ. ನೇರಳಾತೀತ ದೀಪದ ಕೆಳಗೆ ಪೆಟ್ಟಿಗೆಯ ಕಾಗದ ನೀಲಿಬಿಳುಪಾಗಿ ಹೊಳೆದರೆ, ಕಾಗದಕ್ಕೆ ಬೆಳ್ಪು ಕೊಡುವ ರಾಸಾಯನಿಕ ಬಳಸತೊಡಗಿದ ಎರಡನೆಯ ಮಹಾಯುದ್ಧೋತ್ತರ ಕಾಲದ ಪೆಟ್ಟಿಗೆ ಅದು. ತಲೆಯ ಮೇಲೆ ಅಡ್ಡಗೆರೆ-ನೆಟ್ಟಗೆರೆ ಕೂಡಿದ ಫಿಲಿಪ್ಸ್ ತಿರುಪು 1930ರ ದಶಕದ ಸೃಷ್ಟಿ. 1910ರ ಎಂಜಿನ್ನಿನಲ್ಲಿ ಅದಕ್ಕೆ ಕೆಲಸವಿಲ್ಲ. ಇವೆಲ್ಲಕ್ಕಿಂತ ಸ್ವಾರಸ್ಯದ ಸಾಕ್ಷಿ ಸತುವಿನದು. 1930ರ ದಶಕದಲ್ಲಿ ಚಕ್ರ, ಮೈಗಳನ್ನು ಮಝಾಕ್ ಎಂಬ ಸತುವಿನ ಮಿಶ್ರಲೋಹದಲ್ಲಿ ಎರೆಯುತ್ತಿದ್ದರು. ಅದರಲ್ಲಿ ಸೀಸದ ಕಲಬೆರಕೆ ಅತ್ಯಲ್ಪ ಸೇರಿದರೂ ವರ್ಷಗಳುರುಳಿದಂತೆ ಲೋಹ ಒಳಗಿಂದಲೇ ಊದಿ, ಬಿರುಕು ಬಿಟ್ಟು, ಪುಡಿಯಾಗುತ್ತದೆ. ಬಿರುಕು ಬಿಟ್ಟ ಚಕ್ರ ಹೀಗೆ ಹಳತನಕ್ಕೆ ಸಾಕ್ಷಿಯಾಗುವಾಗ, ನಯವಾದ ಚಕ್ರ ಬದಲಿ ಹಾಕಿದ್ದೆಂದು ಅನುಮಾನ ಹುಟ್ಟಿಸುತ್ತದೆ. ಬದಲಿ ಹಾಕಿದ್ದನ್ನು ಹೇಳಿ ಮಾರಿದರೆ ಅದರಲ್ಲಿ ಮೋಸವಿಲ್ಲ.

ಈ ಕಾರ್ಖಾನೆಗಳು ಮುಖ್ಯವಾಗಿ ತಮ್ಮ ಗಿರಾಕಿಗಳು ದಿನವೂ ನೋಡುತ್ತಿದ್ದ ಯುರೋಪು, ಅಮೆರಿಕಗಳ ದೊಡ್ಡ ರೈಲ್ವೆಗಳ ಎಂಜಿನ್ನುಗಳನ್ನು ಅನುಕರಿಸಿದವು. ಮೈಸೂರು ಸಂಸ್ಥಾನದ ಒಂದು ಮೂಲೆಯ ಎರಡೂವರೆ ಅಡಿ ಹಳಿಯ ಎಂಜಿನ್ನನ್ನು ತಗಡಿನಲ್ಲಿ ಅಚ್ಚು ಹಾಕಲು ಅವುಗಳಿಗೆ ವ್ಯಾಪಾರದ ಕಾರಣವಿರಲಿಲ್ಲ. ಆದ್ದರಿಂದ ಮೈಸೂರಿನ ಅಕ್ಷರ ಹೊತ್ತ ತಗಡಿನ ಎಂಜಿನ್ ಎದುರಾದಾಗ, ಅಡಿಯಲ್ಲಿರುವ ಆಟಿಕೆ ಹಳೆಯದೇ ಆಗಿದ್ದು ಅಕ್ಷರಗಳು ಮಾತ್ರ ಆಮೇಲೆ ಬರೆದವೆಂಬ ಸಂಶಯದಿಂದಲೇ ಪರೀಕ್ಷೆ ಶುರುವಾಗಬೇಕು. ಕೈಯಿಂದ ಕಟ್ಟಿದ ಮಾದರಿಯಾದರೆ ಬೇರೆ ಮಾತು; ಹಿತ್ತಾಳೆಯ ಹಾಳೆ ಕತ್ತರಿಸಿ, ಬೆಸೆದು, ಚಕ್ರ ತಿರುವಿ ಮಾಡಿದ ಅಂಥ ವಸ್ತುವಿಗೆ ಕಾರ್ಖಾನೆಯ ಗುರುತು ಇರುವುದಿಲ್ಲ, ಅದರ ಬೆಲೆ ನಿಂತಿರುವುದು ಮಾಡಿದವನು ಯಾವ ನಕ್ಷೆ ನೋಡಿದ ಎಂಬುದರ ಮೇಲೆ.

ಅಂಥ ನಕ್ಷೆಗೆ, ಸಂಖ್ಯೆಗೆ ಹೋಗಬೇಕಾದ ಕಡೆಗಳು ಹಲವಿವೆ. ನಾರ್ತ್ ಬ್ರಿಟಿಷ್ ಕಂಪನಿಯ ಕಾಗದಪತ್ರಗಳು ಗ್ಲಾಸ್ಗೋ ವಿಶ್ವವಿದ್ಯಾಲಯದ ದಾಖಲೆಯಾಲಯದಲ್ಲಿವೆ. ಸಿ. ಹಯವದನರಾಯರು ಸಂಪಾದಿಸಿ 1927ರಿಂದ 1930ರ ನಡುವೆ ಹೊರಬಂದ ಮೈಸೂರು ಗೆಜೆಟಿಯರು, ದಿವಾನರು ಪ್ರಜಾಪ್ರತಿನಿಧಿ ಸಭೆಯಲ್ಲಿ ಮಾಡಿದ ಭಾಷಣಗಳು, ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದ ಕಡತಗಳು ಹಾದಿಯ ಕಥೆಯನ್ನು ಹೇಳುತ್ತವೆ. 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್ನುಗಳ ಸುತ್ತ ನಡೆದು ಚಕ್ರ, ಫಲಕ, ಚೌಕಟ್ಟುಗಳನ್ನು ಕಣ್ಣಾರೆ ನೋಡಬಹುದು. ಚಿಕ್ಕಬಳ್ಳಾಪುರದ ಹಾದಿಯ ಹಳೆಯ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಕೈಹಾಕಿದೆ. ನೂರು ವರ್ಷ ದಾಟಿದ, ಕಲೆ ಕಸುಬು ವಿಜ್ಞಾನಗಳಿಗೆ ಸೇರಿದ ವಸ್ತುಗಳನ್ನು 1972ರ ಪುರಾತನ ವಸ್ತುಗಳ ಕಾಯಿದೆ ತನ್ನ ವ್ಯಾಖ್ಯೆಯೊಳಗೆ ತರುತ್ತದಾದ್ದರಿಂದ, ಚಿಕ್ಕಬಳ್ಳಾಪುರದ ಹಾದಿಯ ಮೊದಲ ವರ್ಷಗಳ ವಸ್ತುಗಳೂ ಈಗ ಆ ವಯಸ್ಸಿಗೆ ಬಂದಿವೆ. ಅಂಥವನ್ನು ದೇಶದ ಹೊರಗೆ ಮಾರುವ ಮುನ್ನ ಕಾಯಿದೆಯನ್ನು ನೋಡಿಕೊಳ್ಳುವುದು ಕ್ಷೇಮ.

ಆದರೆ ಪುಟ್ಟ ರೈಲಿನ ಕೊನೆಯ ದಶಕಗಳ ರೂಪಕ್ಕೆ ಅತ್ಯುತ್ತಮ ಸಾಕ್ಷಿ ಸಿಗಬಹುದಾದದ್ದು ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಮನೆಗಳಲ್ಲಿ, ಮದುವೆಯ ಅಥವಾ ಬೀಳ್ಕೊಡುಗೆಯ ಚಿತ್ರದ ಹಿನ್ನೆಲೆಯಲ್ಲಿ ಆಕಸ್ಮಿಕವಾಗಿ ನಿಂತ ಎಂಜಿನ್ನಿನಲ್ಲಿ. ಅಂಥ ಚಿತ್ರ, ಟಿಕೆಟ್ಟು, ಸೇವಾಪುಸ್ತಕ ಅಥವಾ ಫಲಕ ಇರುವ ಮನೆಯವರು ಫಲಕವನ್ನು ಹುಣಿಸೆಹಣ್ಣು ಹಾಕಿ ಉಜ್ಜದೆ, ಚಿತ್ರದ ಬೆನ್ನಿಗೆ ಸೀಸದ ಕಡ್ಡಿಯಲ್ಲಿ ಇಸವಿ, ನಿಲ್ದಾಣ, ಅದರಲ್ಲಿರುವವರ ಹೆಸರು ಬರೆದು, ಒಂದು ಪ್ರತಿಯನ್ನು ಪತ್ರಾಗಾರಕ್ಕೋ ಮೈಸೂರಿನ ಸಂಗ್ರಹಾಲಯಕ್ಕೋ ತಲುಪಿಸಬೇಕು.